ಮಣಿಕಟ್ಟು ಮುರಿದ ಎಬಿ (ಡೆಕ್ ನಾವಿಕ): 12% ಚೆಕ್ಕಿಗೆ ಸಹಿ ಹಾಕಬಹುದೇ?

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಸರ್. ನನ್ನ ತಮ್ಮ ಪನಾಮಾ ಧ್ವಜದ ಹಡಗಿನಲ್ಲಿ ಎಬಿ. ಮೂರಿಂಗ್ ಹಗ್ಗ (ಹಡಗನ್ನು ದಡಕ್ಕೆ ಕಟ್ಟುವುದು) ತುಂಡಾಗಿ ಬಡಿದು ಬಲಗೈ ಮಣಿಕಟ್ಟು ಮುರಿಯಿತು, ಪ್ಲೇಟ್ ಹಾಕಿದ್ದಾರೆ. ಮನೆಗೆ ಬಂದು ಐದು ತಿಂಗಳು. ಕಂಪನಿ ಡಾಕ್ಟರು 12% ಅಂಗವೈಕಲ್ಯ ಎಂದಿದ್ದಾರೆ. ಕೆಲಸಕ್ಕೆ ಕಳಿಸಿದ ಏಜೆಂಟರು ಅದೇ ಲೆಕ್ಕದಲ್ಲಿ ಚೆಕ್ ಕೊಟ್ಟು, ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಬರೆದುಕೊಡಿ ಅಂತಾರೆ. ಅವನಿಗೆ ತುಂಬಿದ ಕೊಡಪಾನ ಎತ್ತೋಕಾಗಲ್ಲ.

ಉತ್ತರ (ಹಡಗು ಕಾನೂನಿನ ವಕೀಲರು, ಫೋರ್ಟ್, ಮುಂಬೈ): ಅಕ್ಕಾ, ಆ ಕಾಗದಕ್ಕೆ ಸಹಿ ಬೇಡ. 12% ಎಂಬುದು ಕೈಯ ಲೆಕ್ಕ. ತಮ್ಮ ಮತ್ತೆ ಹಡಗು ಹತ್ತಬಲ್ಲರೇ ಎಂಬುದು ಬೇರೆಯದೇ ಲೆಕ್ಕ. ಮೊದಲು ಅವರ ಕಾಂಟ್ರ್ಯಾಕ್ಟಿಗೆ ಅಂಟಿದ ಯೂನಿಯನ್ ಒಪ್ಪಂದ ತರಿಸಿ. ಐಟಿಎಫ್ (ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ) ಮಾದರಿಯ ಒಪ್ಪಂದವಾದರೆ, ಅಂಗವೈಕಲ್ಯ 50% ಅಥವಾ ಹೆಚ್ಚಿದ್ದಾಗ ಪೂರ್ತಿ ಮೊತ್ತ. ಅದಕ್ಕಿಂತ ಕಡಿಮೆಯಿದ್ದರೂ ‘ಯಾವ ಹುದ್ದೆಯಲ್ಲೂ ಸಮುದ್ರ ಸೇವೆಗೆ ಶಾಶ್ವತವಾಗಿ ಅನರ್ಹ’ ಎಂದು ಕಂಪನಿ ನೇಮಿಸಿದ ಡಾಕ್ಟರು ಬರೆದರೆ ಪೂರ್ತಿ ಮೊತ್ತವೇ. ಪೂರ್ತಿ ಎಂದರೆ 1,00,000 ಡಾಲರ್ ಎಂದಿಟ್ಟುಕೊಳ್ಳಿ: ಈಗ ಕೊಡುವುದು 12,000, ಆ ಒಂದು ಸಾಲು ಬಂದರೆ ಒಂದು ಲಕ್ಷ. ಬಹಳಷ್ಟು ವರದಿಗಳಲ್ಲಿ ಆ ಸಾಲಿನ ಬಗ್ಗೆ ಹೌದು, ಅಲ್ಲ ಎರಡೂ ಇರುವುದಿಲ್ಲ. ಇಮೇಲ್‌ನಲ್ಲಿ ಕೇಳಿ, ಬಾಯಿಮಾತಿನಲ್ಲಿ ಅಲ್ಲ.

ಒಪ್ಪದಿದ್ದರೆ ನಿಮ್ಮ ಡಾಕ್ಟರ ವರದಿ ಮಾಡಿಸಿ. ಎರಡೂ ಹೊಂದದಿದ್ದರೆ ಕಂಪನಿ ಮತ್ತು ಯೂನಿಯನ್ ಸೇರಿ ಮೂರನೇ ಡಾಕ್ಟರನ್ನು ನೇಮಿಸುತ್ತವೆ. ಅವರ ಮಾತೇ ಅಂತಿಮ. ಆದ್ದರಿಂದ ಕಂಪನಿ ಪ್ಯಾನೆಲ್‌ನವರು ಬೇಡ, ಕೈ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದವರು ಬೇಕೆಂದು ಯೂನಿಯನ್‌ಗೆ ಮೊದಲೇ ಬರೆದುಕೊಡಿ.

ಅಂತರರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದದ (ಎಂಎಲ್‌ಸಿ) 2014ರ ತಿದ್ದುಪಡಿ 2017ರ ಜನವರಿಯಿಂದ ಜಾರಿಯಲ್ಲಿದೆ. ಕರಾರಿನ ಪರಿಹಾರವನ್ನು ಪೂರ್ತಿಯಾಗಿ, ತಡಮಾಡದೆ ಕೊಡಬೇಕು. ಕಡಿಮೆಗೆ ಒಪ್ಪಿಸಲು ಒತ್ತಡ ಹೇರಬಾರದು. ಒಟ್ಟು ಮೊತ್ತ ನಿರ್ಧರಿಸುವುದು ಕಷ್ಟವಾದಾಗ ಮಧ್ಯಂತರ ಹಣ ಕೊಡಬೇಕು ಎಂದು ಅದರಲ್ಲಿದೆ. ಮನೆ ನಡೆಯಬೇಕಲ್ಲ, ಆ ಮಧ್ಯಂತರ ಹಣ ಕೇಳಿ. ಬಂದ ಹಣಕ್ಕೆ ರಸೀದಿ ಕೊಡಿ, ಅದರಲ್ಲಿ ‘ಇತರ ಹಕ್ಕುಗಳಿಗೆ ಬಾಧೆಯಾಗದಂತೆ’ ಎಂದು ನೀವೇ ಬರೆಯಿರಿ. ಈ ಪರಿಹಾರಕ್ಕೆಂದು ಮಾಲೀಕರು ಮಾಡಿಸಿದ ವಿಮೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿರುತ್ತಾರೆ. ಈಗ ಹಡಗಿನಲ್ಲಿರುವ ಗೆಳೆಯರಿಂದ ಅದರ ಫೋಟೊ ತರಿಸಿ. ಆ ವಿಮಾ ಸಂಸ್ಥೆಗೇ ನೇರವಾಗಿ ಬರೆಯಬಹುದು.

ಸಿಕ್ ಪೇ (ಚಿಕಿತ್ಸೆಯ ಅವಧಿಯ ವೇತನ) ಬಂದಿದೆಯೇ ಎಣಿಸಿ. ಐಟಿಎಫ್ ಮಾದರಿಯಲ್ಲಿ ಕಾಯಿಲೆಗೆ 130 ದಿನದವರೆಗೆ ಇರುತ್ತದೆ; ಅಪಘಾತದ ಗಾಯವಾದರೆ ವಾಸಿಯಾಗುವವರೆಗೆ ಅಥವಾ ಶಾಶ್ವತ ಅಂಗವೈಕಲ್ಯ ಎಷ್ಟೆಂದು ವೈದ್ಯರು ನಿರ್ಧರಿಸುವವರೆಗೆ ಮೂಲ ವೇತನ ಕೊಡಬೇಕು. ಯೂಟ್ಯೂಬಿನಲ್ಲಿ ಹೇಳುವ 120–240 ದಿನದ ನಿಯಮ ಫಿಲಿಪೀನ್ಸ್ ಕರಾರಿನದು, ಅದನ್ನು ನಂಬಿ ಕೂರಬೇಡಿ.

ಮರುಪ್ರಶ್ನೆ (ವಾಸ್ಕೋ): ಸೈನ್‌ಆಫ್ (ಹಡಗಿನಿಂದ ಇಳಿದ) ಕಾಗದದಲ್ಲಿ ‘ಕಾಂಟ್ರ್ಯಾಕ್ಟ್ ಮುಗಿದಿದೆ’ ಎಂದಷ್ಟೇ ಇದ್ದರೆ?

ಉತ್ತರ (ವಕೀಲರು): ‘ವೈದ್ಯಕೀಯ ಕಾರಣ’ ಎಂದಿಲ್ಲದಿದ್ದರೆ, ಗಾಯ ಮನೆಯಲ್ಲಾಯಿತು ಎಂದು ವಾದಿಸಲು ದಾರಿ ಸಿಗುತ್ತದೆ. ಮಾಸ್ಟರ್‌ನ (ಕ್ಯಾಪ್ಟನ್) ಅಪಘಾತ ವರದಿ, ಬಂದರಿನ ಆಸ್ಪತ್ರೆಯ ಮೊದಲ ಎಕ್ಸ್-ರೇ, ಜಾಯ್ನ್ ಆಗುವ ಮುಂಚಿನ ಮೆಡಿಕಲ್ ಫಿಟ್ನೆಸ್, ಈ ಮೂರೂ ಸೇರಿದರೆ ಆ ವಾದ ಬೀಳುತ್ತದೆ. ವರದಿಯ ಪ್ರತಿಯನ್ನು ಏಜೆಂಟರಿಂದ ಕೇಳಿ. ಕೊಡದಿದ್ದರೆ ಅವರ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿ) ಲೈಸೆನ್ಸ್ ಸಂಖ್ಯೆ ಹಾಕಿ ಮುಂಬೈ ಕಾಂಜೂರ್‌ಮಾರ್ಗ್‌ನ ಡಿಜಿ ಶಿಪ್ಪಿಂಗ್‌ಗೆ (ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯ) ದೂರು ಕೊಡಿ.

ಉತ್ತರ (ಮೂಳೆ ತಜ್ಞರು, ಪುಣೆ): ಐದು ತಿಂಗಳಿಗೇ ಶೇಕಡಾವಾರು ಬರೆಯುವುದು ಅವಸರ. ಪ್ಲೇಟ್ ಹಾಕಿದ ಮಣಿಕಟ್ಟು ವರ್ಷದವರೆಗೂ ಬದಲಾಗುತ್ತಿರುತ್ತದೆ. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಗೋನಿಯೊಮೀಟರ್‌ನಿಂದ, ಹಿಡಿತ ಎಷ್ಟೆಂದು ಡೈನಮೊಮೀಟರ್‌ನಿಂದ ಅಳೆಯಬೇಕು. ಎರಡೂ ಕೈಗೆ ಮೂರು ಮೂರು ಸಲ ಹಿಡಿಸಿ ಸರಾಸರಿ ತೆಗೆದು, ಕಿಲೋದಲ್ಲಿ ಬರೆಯಬೇಕು. ‘ಹಿಡಿತ ಕಡಿಮೆ’ ಎಂಬ ಎರಡು ಪದ ವಾದದಲ್ಲಿ ನಿಲ್ಲದು. ಎಬಿ ಕೆಲಸದ ಪಟ್ಟಿ ಕೈಗಿಟ್ಟುಕೊಂಡು ಬನ್ನಿ: ಪೈಲಟ್ ಲ್ಯಾಡರ್ ಹತ್ತುವುದು, ಹಗ್ಗ ಎಳೆಯುವುದು, ಹ್ಯಾಚ್ ಕವರ್‌ನ (ಸರಕು ಕೋಣೆಯ ಮುಚ್ಚಳ) ಕ್ಲೀಟ್ ಬಿಗಿಯುವುದು. ಒಂದೊಂದರ ಮುಂದೆಯೂ ಆಗುತ್ತದೆ, ಆಗದು ಎಂದು ಡಾಕ್ಟರು ಬರೆಯಲಿ.

ವಕೀಲರು: ಇದೊಂದು ಗಡುವು ಗೋಡೆಗೆ ಬರೆದಿಡಿ ಅಕ್ಕಾ. 2017ರ ಅಡ್ಮಿರಾಲ್ಟಿ (ಹಡಗು ವ್ಯಾಜ್ಯಗಳ) ಕಾಯ್ದೆಯಡಿ ಗಾಯದ ಪರಿಹಾರಕ್ಕೆ ಹಡಗಿನ ಮೇಲಿರುವ ಹಕ್ಕು ಒಂದೇ ವರ್ಷ ಬಾಳುತ್ತದೆ. ಮಾತುಕತೆಯಲ್ಲಿ ಅದು ಕಳೆದುಹೋಗದಿರಲಿ. ಐಎಂಒ ಸಂಖ್ಯೆ (ಹಡಗಿನ ಕಾಯಂ ಗುರುತಿನ ಸಂಖ್ಯೆ) ಹಾಕಿ ಹಡಗು ಎಲ್ಲಿದೆ ನೋಡುತ್ತಿರಿ. ಮುಂಬೈ ಬಂದರಿಗೋ ನ್ಹಾವಾ ಶೇವಾದ ಜೆಎನ್‌ಪಿಎ ಬಂದರಿಗೋ ಬರುವ ಸುಳಿವು ಸಿಕ್ಕರೆ ಬಾಂಬೆ ಹೈಕೋರ್ಟಿನಲ್ಲಿ ಅದನ್ನು ತಡೆಹಿಡಿಸಲು ಅರ್ಜಿ ಹಾಕಬಹುದು. ಅದಕ್ಕೆ ಕಾಗದಗಳೆಲ್ಲ ಈಗಲೇ ಒಂದು ಫೈಲಿನಲ್ಲಿರಲಿ.