ಸಹಾಯ ಬೇಕು: ಬಿರಡೆಯ ಅಂಚಿನ ಸೋರಿಕೆ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ರಂಧ್ರಮಯ ವಸ್ತುವಿನ ಮೂಲಕ ಅನಿಲ ಹೇಗೆ ವಿಸರಣಗೊಳ್ಳುತ್ತದೆ (ತಾನಾಗಿ ಹರಡಿಕೊಳ್ಳುತ್ತದೆ) ಎಂಬುದನ್ನು ಮಕ್ಕಳೇ ಅಳೆದು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1833ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ಆರಿಸಿಕೊಂಡಿದ್ದೇವೆ. ಗಾಜಿನ ಕೊಳವೆಯ ಮೇಲ್ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿರಡೆ, ಕೆಳತುದಿ ನೀರಿನಲ್ಲಿ, ಒಳಗೆ ಹೈಡ್ರೋಜನ್. (ಹತ್ತಿರದಲ್ಲಿ ಬೆಂಕಿಕಡ್ಡಿಯನ್ನೂ ಇಡುವುದಿಲ್ಲ.) ಹೈಡ್ರೋಜನ್ ಹೊರಹೋಗುವಷ್ಟು ಬೇಗ ಗಾಳಿ ಒಳಬರಲಾರದು, ನೀರು ಕಣ್ಣೆದುರೇ ಮೇಲೇರುತ್ತದೆ. ಮೊದಲ ಸಲ ಕಂಡಾಗ ಇಡೀ ತರಗತಿ ಉಸಿರು ಬಿಗಿಹಿಡಿದು ನಿಂತಿತ್ತು.

ಅನಿಲ ಹಗುರವಾದಷ್ಟೂ ಬೇಗ ವಿಸರಣಗೊಳ್ಳುತ್ತದೆ ಎಂಬ ಗ್ರಹಾಂ ನಿಯಮದ ಲೆಕ್ಕದ ಪ್ರಕಾರ ಹೊರಹೋದ ಹೈಡ್ರೋಜನ್ ಒಳಬಂದ ಗಾಳಿಯ ಸುಮಾರು 3.8 ಪಟ್ಟು ಇರಬೇಕು. ನಮಗೆ ಒಂದು ದಿನ 2.9, ಮರುದಿನ 2.1. ಒತ್ತಡದಲ್ಲಿ ವ್ಯತ್ಯಾಸ ಬಾರದಿರಲೆಂದು ಕೊಳವೆಯನ್ನು ತಗ್ಗಿಸುತ್ತ ಒಳಹೊರಗಿನ ನೀರಿನ ಮಟ್ಟವನ್ನು ಸಮವಾಗಿಯೇ ಇಟ್ಟಿದ್ದೆವು. ಭೂತಗನ್ನಡಿ ಹಿಡಿದಾಗ ಬಿರಡೆಗೂ ಗಾಜಿಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡಿತು. ಮೇಣ ಸುರಿದರೆ ಅದು ರಂಧ್ರಗಳಿಗೇ ಇಳಿಯುತ್ತದೆ.

ಅಂಚನ್ನು ಯಾವುದರಿಂದ ಮುಚ್ಚಲಿ? ಬಿರಡೆಯನ್ನು ಬಿಸಿಲಿನಲ್ಲಿ ಎಷ್ಟು ದಿನ ಒಣಗಿಸಬೇಕು? ಕುಂಬಾರರ ಮಣ್ಣಿನ ಬಿಲ್ಲೆ ಇದಕ್ಕಿಂತ ಮೇಲೇ? ಕೈಯಾರೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ದಾವಣಗೆರೆಯಲ್ಲಿ ಯಾರಾದರೂ ಇದ್ದರೆ ಉಪಕರಣದೊಂದಿಗೆ ನಾನೇ ಬರುತ್ತೇನೆ.