ಚಳಿಗೆ ಕಾರನ್ನು ಹದಿನೈದು ನಿಮಿಷ ನಿಂತಲ್ಲೇ ಉರಿಸಬೇಕೇ?

ಪ್ರಶ್ನೆ: ಸರ್, ನಮ್ಮ ತೋಟ ಮೂಡಿಗೆರೆಯ ಹತ್ತಿರ. ಈಗ ಬೆಳಿಗ್ಗೆ ಆರಕ್ಕೆ 13 ಡಿಗ್ರಿ. ಅಪ್ಪ ಮೊದಲು ಕಾರು ಸ್ಟಾರ್ಟ್ ಮಾಡಿ, ಆಮೇಲೆ ಕಾಫಿಗೆ ಕೂರುತ್ತಾರೆ. ಹೊರಡುವ ಮುನ್ನ ನಾಲ್ಕು ಸಲ ಆಕ್ಸಿಲರೇಟರ್ ಒತ್ತಿ ಅದರ ‘ಗಂಟಲು ಸರಿಮಾಡುವುದು’ ಬೇರೆ. 2021ರ ಪೆಟ್ರೋಲ್ ಕಾರು. ಇದೆಲ್ಲ ಬೇಕೇ?

ಉತ್ತರ: ಬೇಡ. ಆದರೆ ಅಪ್ಪನವರನ್ನು ಆಡಿಕೊಳ್ಳಬೇಡಿ. ಅವರು ಕಲಿತದ್ದು ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುತ್ತಿದ್ದ ಹಳೆಯ ಸಾಧನ) ಕಾಲದಲ್ಲಿ. ಆ ಗಾಡಿಗಳನ್ನು ತಣ್ಣಗಿರುವಾಗಲೇ ಎಳೆದರೆ ಗೇಟು ದಾಟುವಷ್ಟರಲ್ಲಿ ನಿಂತುಬಿಡುತ್ತಿದ್ದವು. ನಿಮ್ಮ ಕಾರಿನಲ್ಲಿ ಎಂಜಿನ್ ಎಷ್ಟು ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ. ಸ್ಟಾರ್ಟ್ ಮಾಡಿ, ಗಾಜಿನ ಇಬ್ಬನಿ ಒರೆಸಿ, ಬೆಲ್ಟ್ ಹಾಕಿಕೊಳ್ಳುವ ಹೊತ್ತು, ಅಂದರೆ ಒಂದು ನಿಮಿಷ ಧಾರಾಳವಾಯಿತು. 13 ಡಿಗ್ರಿ ಚಳಿ ನಮಗೆ, ಎಂಜಿನ್‌ಗಲ್ಲ.

ನಿಂತಲ್ಲೇ ಉರಿಸಿದರೆ ನಷ್ಟವೂ ಇದೆ. ತಣ್ಣಗಿರುವಾಗ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್ ಅನ್ನೇ ತೆಳುವಾಗಿಸುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್‌ಗೆ ಕೆಲಸವಿಲ್ಲ, ಹಾಗಾಗಿ ಶಾಖವೂ ಹೆಚ್ಚು ಹುಟ್ಟುವುದಿಲ್ಲ. ಈ ಅವಸ್ಥೆ ಸುಮ್ಮನೆ ಲಂಬಿಸುತ್ತದೆ. ಗೇರ್‌ಬಾಕ್ಸ್, ಟೈರುಗಳಂತೂ ಚಕ್ರ ಉರುಳದೆ ಬಿಸಿಯಾಗುವುದೇ ಇಲ್ಲ. ಗಾಡಿಯನ್ನು ಮೆಲ್ಲಗೆ ಓಡಿಸಿಯೇ ಬಿಸಿ ಮಾಡಬೇಕು. ಮೊದಲ ಐದಾರು ಕಿಲೋಮೀಟರ್ 2,500 ಆರ್‌ಪಿಎಂ ದಾಟಬೇಡಿ. ಡ್ಯಾಶ್‌ಬೋರ್ಡ್‌ನ ನೀಲಿ ದೀಪ ಆರಿತೆಂದು ಅವಸರವೂ ಬೇಡ. ಅದು ಹೇಳುವುದು ಕೂಲಂಟ್‌ನ (ಎಂಜಿನ್ ತಣಿಸುವ ದ್ರವದ) ಸುದ್ದಿ, ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಹಿಡಿಯುತ್ತದೆ. ‘ಗಂಟಲು ಸರಿಮಾಡುವುದು’ ಮಾತ್ರ ಇವತ್ತೇ ನಿಲ್ಲಲಿ. ಆಯಿಲ್ ಮಂದವಾಗಿರುವಾಗ ಎಂಜಿನ್ ಕಿರುಚಿಸಿದರೆ ಸವೆತವೇ ಲಾಭ.

ಪ್ರಶ್ನೆ: ಅಪ್ಪನಿಗೆ ಓದಿ ಹೇಳಿದೆ, ಸರ್. ‘ಶೆಡ್ಡಿನಲ್ಲಿರುವ ಹಳೆಯ ಡೀಸೆಲ್ ಜೀಪಿಗೂ ಇದೇ ಮಾತೋ ಕೇಳು’ ಎಂದರು.

ಉತ್ತರ: ಅದಕ್ಕೆ ಅಪ್ಪನದೇ ಅರ್ಧ ಸರಿ. ಹೀಟರ್ ಪ್ಲಗ್ (ಸ್ಟಾರ್ಟ್‌ಗೆ ಮುನ್ನ ಸಿಲಿಂಡರ್ ಬಿಸಿಮಾಡುವ ಸಾಧನ) ಇದ್ದರೆ ಕೀಲಿಯನ್ನು ಅರ್ಧ ತಿರುಗಿಸಿ, ಸುರುಳಿ ಗುರುತಿನ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಲಿ. ಎರಡು ಮೂರು ನಿಮಿಷ ಬಿಡಲಿ. ಮೊದಲು ಸ್ವಲ್ಪ ಬಿಳಿ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ತೋರಿಸಿ. ಒಂದು ಮಾತ್ರ ಖಡಾಖಂಡಿತ: ಸ್ಟಾರ್ಟ್ ಆದ ಕೂಡಲೇ ಜೀಪನ್ನು ಶೆಡ್ಡಿನಿಂದ ಹೊರಗೆ ತನ್ನಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನೊಬ್ಬರ ಪ್ರಶ್ನೆ: ಜನವರಿಯಲ್ಲಿ ಡೀಸೆಲ್ ಗಾಡಿಯಲ್ಲಿ ಲಡಾಖ್‌ಗೆ ಹೋಗುತ್ತಿದ್ದೇವೆ. ಅಲ್ಲಿಯೂ ಒಂದೇ ನಿಮಿಷವೇ?

ಉತ್ತರ: ಅಲ್ಲಿಯದು ಬೇರೆಯೇ ಕಥೆ. ಅಲ್ಲಿ ಮೊದಲು ಕೈಕೊಡುವುದು ಡೀಸೆಲ್. ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡರೆ ಎಷ್ಟು ಸೆಲ್ಫ್ ಹೊಡೆದರೂ ಪ್ರಯೋಜನವಿಲ್ಲ. ಮೈನಸ್ 33 ಡಿಗ್ರಿವರೆಗೂ ಹೆಪ್ಪುಗಟ್ಟದ ಚಳಿಗಾಲದ ಡೀಸೆಲ್ ಅನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ತಂದಿತು. ಕೆಳಗಿನ ಊರುಗಳ ಡೀಸೆಲ್ ಆದಷ್ಟು ಖಾಲಿಯಾದ ಮೇಲೆ ಅದನ್ನು ತುಂಬಿಸಿ. ಹೊರಡುವ ಮೊದಲೇ ಬ್ಯಾಟರಿ ಪರೀಕ್ಷಿಸಿ, ಕೂಲಂಟ್‌ನಲ್ಲಿ ಬರೀ ನೀರಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬೆಳಿಗ್ಗೆ ಐದು ನಿಮಿಷ ಉರಿಸಿ, ನಂತರ ಮೆಲ್ಲಗೆ ಹೊರಡಿ. ಘಾಟಿ ಹತ್ತಿದ ಕೂಡಲೇ ಫೋಟೋಗೆಂದು ಎಂಜಿನ್ ಆಫ್ ಮಾಡಬೇಡಿ. ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ತಣಿಯಲು ಒಂದು ನಿಮಿಷ ಕೊಡಿ.