ಪದಚರ್ಚೆ: ‘ಆಫ್ರಿಕನ್ ಡಯಾಸ್ಪೊರಾ’ಕ್ಕೆ ಬ್ಯಾನರ್ ಮೇಲೆ ಏನು ಬರೆಯೋಣ?

ಹಳಿಯಾಳದಿಂದ:
ಗೆಳೆಯರೇ, ಒಂದು ಪದ ಅರ್ಜೆಂಟಾಗಿ ಬೇಕು. ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಒಟ್ಟಿಗೆ ಸೇರಿ ತಮ್ಮ ಆಫ್ರಿಕಾ ಮೂಲವನ್ನು ನೆನೆಯುವ ಸಭೆ ಇದೆ. ಆಫ್ರಿಕಾ ಮೂಲದ ಜನರಿಗಾಗಿ ವಿಶ್ವಸಂಸ್ಥೆ ಸಾರಿದ ಎರಡನೇ ದಶಕ 2025ರಲ್ಲಿ ಶುರುವಾಯಿತಲ್ಲ, ಅದೇ ನೆಪ. ಬ್ಯಾನರಿಗೆ ಬಂದ ಇಂಗ್ಲಿಷ್ ಸಾಲಿನಲ್ಲಿ ‘ಹೆರಿಟೇಜ್’, ‘ಡಯಾಸ್ಪೊರಾ’ ಎರಡೂ ಇವೆ. ಮೊದಲನೆಯದಕ್ಕೆ ‘ಪರಂಪರೆ’ ಹಾಕಿದ್ದೇನೆ. ಎರಡನೆಯದಕ್ಕೆ, ಅಂದರೆ ಮೂಲ ನಾಡಿನಿಂದ ಬೇರೆ ಬೇರೆ ದೇಶಗಳಿಗೆ ಹರಡಿಹೋದ ಜನ ಅನ್ನುವುದಕ್ಕೆ, ಪದ ಸಿಗುತ್ತಿಲ್ಲ. ‘ಅನಿವಾಸಿ ಆಫ್ರಿಕನ್ನರು’ ಅಂತ ಒಬ್ಬರು ಹೇಳಿದರು. ನೂರಾರು ವರ್ಷದಿಂದ ಇಲ್ಲೇ ಇರುವವರು, 2003ರಿಂದ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರುವವರು ಅನಿವಾಸಿ ಹೇಗಾಗುತ್ತಾರೆ? ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಬೆಂಗಳೂರಿನಿಂದ:
‘ವಲಸಿಗರು’ ಹಾಕಿ, ಎಲ್ಲರಿಗೂ ಗೊತ್ತಾಗುತ್ತದೆ. ಇನ್ನೊಂದು ಮಾತು. ಸಿದ್ದಿ ಅನ್ನೋದು ಸಂಸ್ಕೃತದ ‘ಸಿದ್ಧಿ’ಯಿಂದ ಬಂದದ್ದಲ್ವಾ? ಆ ಅರ್ಥವನ್ನೂ ಬ್ಯಾನರಿನಲ್ಲಿ ತರಬಹುದು.

ರಾಯಚೂರಿನಿಂದ:
ನಮ್ಮಲ್ಲಿ ‘ಗುಳೆ’ ಇದೆ. ‘ಗುಳೆ ಹೋದ ಆಫ್ರಿಕನ್ನರು’ ಅಂದರೆ ಅಚ್ಚ ಕನ್ನಡ.

ಶಿರಸಿಯಿಂದ:
ಎರಡೂ ಬೇಡ. ಗುಳೆ ಹೋದವರು ಮಳೆ ಬಿದ್ದ ಮೇಲೆ ಊರಿಗೆ ವಾಪಸ್ ಬರುತ್ತಾರೆ. ವಲಸೆ ಹೋದವರು ಹೊಟ್ಟೆಪಾಡಿಗೆ ತಾವೇ ಹೊರಟವರು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಗೋವೆಗೆ ತಂದರು. ಅವರಲ್ಲಿ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಇದನ್ನು ವಲಸೆ ಅನ್ನೋದು ಸುಳ್ಳು. ಪದ ಸಿಗದಿದ್ದರೆ ‘ಡಯಾಸ್ಪೊರಾ’ ಅಂತಲೇ ಬರೆಯಿರಿ.

ಮೈಸೂರಿನಿಂದ:
ಕನ್ನಡದ ಬ್ಯಾನರಿನಲ್ಲಿ ಗ್ರೀಕ್ ಪದ ಯಾಕೆ? ‘ಚೆದರು’ ಇದೆ. ‘ಚೆದರಿದ ಮಂದಿ’ ಅನ್ನಿ. ‘ಚದುರಿದ’ ಅಂತ ಮಾತ್ರ ಬರೆಯಬೇಡಿ. ಹಳಗನ್ನಡದಲ್ಲಿ ಚದುರು ಅಂದರೆ ಜಾಣತನ, ಚತುರದ ತದ್ಭವ. ಕವಿರಾಜಮಾರ್ಗದ ‘ಚದುರರ್’ ಚದುರಿಹೋದವರಲ್ಲ.

ಮಂಗಳೂರಿನಿಂದ:
ಇಲ್ಲಿ ಕವಿರಾಜಮಾರ್ಗ ಬೇಕಿರಲಿಲ್ಲ. ಕೇಳಬೇಕಾದ ಪುಸ್ತಕ ಬೇರೆ ಇದೆ. ಬೈಬಲಿನಲ್ಲಿ ಯಾಕೋಬನ ಪತ್ರದ ಮೊದಲ ವಚನ ಚದುರಿಹೋದ ಹನ್ನೆರಡು ಗೋತ್ರದವರಿಗೆ ಬರೆದದ್ದು. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ಡಯಾಸ್ಪೊರಾ ಪದವೇ. ಯೆಹೂದ್ಯರ ಕಥೆಗೆ ಹುಟ್ಟಿದ ಈ ಮಾತನ್ನು ಆಫ್ರಿಕಾ ಮೂಲದವರು ಆಮೇಲೆ ತಮ್ಮದಾಗಿ ಮಾಡಿಕೊಂಡರು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ 68ನೇ ಕೀರ್ತನೆಯ ಮಾತು ತುಂಬಾ ಪ್ರೀತಿಯದು, ಇಥಿಯೋಪಿಯಾ ದೇವರ ಕಡೆಗೆ ಕೈ ಚಾಚುತ್ತದೆ ಅನ್ನುವುದು. ‘ಚದುರಿದವರು’ ಅಂದರೆ ಕ್ರೈಸ್ತ ಸಿದ್ದಿಗಳಿಗೆ ತಟ್ಟನೆ ಗೊತ್ತಾಗುತ್ತದೆ.

ಕಲಬುರಗಿಯಿಂದ:
ಬೆಂಗಳೂರಿನವರ ‘ಸಿದ್ಧಿ’ ಬಿಟ್ಟುಬಿಡಿ. ಅದು ಅರಬ್ಬಿಯ ಸಯ್ಯಿದ್, ಸೀದಿ ಕಡೆಯದು ಅಂತ ಹೆಚ್ಚಿನವರ ಮಾತು. ದ್ದಕ್ಕೆ ಮಹಾಪ್ರಾಣ ಹಾಕಬೇಡಿ. ನನ್ನ ಸೂಚನೆ ‘ಹಬಶಿ’, ಅಂದರೆ ಇಥಿಯೋಪಿಯಾ ಕಡೆಯವರು. ಅಹಮದ್‌ನಗರದ ಆಡಳಿತ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಹಬಶಿ. ಪ್ರವಾದಿಯವರ ಕಾಲದಲ್ಲಿ ಮೊದಲು ಅಜಾನ್ ಕೊಟ್ಟ ಬಿಲಾಲರೂ ಹಬಶಿ. ಇಸ್ಲಾಮಿನಲ್ಲಿ ಆಫ್ರಿಕಾಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಾ?

ಯಲ್ಲಾಪುರದಿಂದ:
ನಾನು ಸಿದ್ದಿ ಮನೆಯವಳು. ಬಿಲಾಲರ ಹೆಸರಿನ ಜೊತೆ ‘ಹಬಶಿ’ ಗೌರವದ ಮಾತು, ಒಪ್ಪಿದೆ ಸರ್. ಆದರೆ ಸಂತೆಯಲ್ಲಿ ನಮ್ಮ ಕೂದಲು ನೋಡಿ ಕೂಗೋದೂ ಅದೇ ಮಾತನ್ನೇ. ಬ್ಯಾನರ್ ಮೇಲೆ ಬೇಡ.

ಡಯಾಸ್ಪೊರಾಕ್ಕೆ ಇಷ್ಟು ಜಗಳ ಆಡಿದಿರಿ, ‘ಪರಂಪರೆ’ಯನ್ನು ಯಾರೂ ಮುಟ್ಟಲಿಲ್ಲ. ಅದಕ್ಕೆ ನಮ್ಮಲ್ಲಿ ಮಾತಿದೆ: ಹಿರಿಯರು. ತೀರಿಹೋದ ತಂದೆತಾಯಿ, ಅವರ ಹಿಂದಿನವರು, ಅವರಿಗೂ ಹಿಂದೆ ಬಂದವರು, ಎಲ್ಲರೂ ಹಿರಿಯರೇ. ಮನೆಯೊಳಗೆ ಅವರಿಗೊಂದು ಜಾಗ ಇರುತ್ತದೆ. ಇಗರ್ಜಿಗೆ ಹೋಗುವ ಮನೆಯಲ್ಲೂ ಹಿರಿಯರಿದ್ದಾರೆ, ಮಸೀದಿಗೆ ಹೋಗುವ ಮನೆಯಲ್ಲೂ ಇದ್ದಾರೆ. ನಮ್ಮ ಯಲ್ಲಾಪುರದ ಕಡೆಯ ಸಿದ್ದಿನಾಸ್ ದೇವರಿಗೂ ಮೂರೂ ಧರ್ಮದ ಸಿದ್ದಿಗಳು ನಡೆದುಕೊಳ್ಳುತ್ತಾರೆ. ಆಫ್ರಿಕಾದಲ್ಲಿ ನಿಮ್ಮ ಊರು ಯಾವುದು ಅಂತ ಕೇಳಿದರೆ ನನ್ನ ಅಜ್ಜಿಗೆ ಹೇಳಲು ಬರುತ್ತಿರಲಿಲ್ಲ. ಆ ಊರಿನ ಹೆಸರನ್ನು ಕಿತ್ತುಕೊಂಡೇ ತಂದಿದ್ದರು. ಹಿರಿಯರನ್ನು ಮಾತ್ರ ಕಿತ್ತುಕೊಳ್ಳಲು ಆಗಲಿಲ್ಲ. ‘ಪರಂಪರೆಗೆ ಗೌರವ’ ಅಂದರೆ ನಮ್ಮ ಮನೆಯವರಿಗೆ ಅದು ಸರ್ಕಾರಿ ಕಾರ್ಯಕ್ರಮದ ಹೆಸರು. ಹಿರಿಯರು ಅಂದರೆ ಕೈ ಮುಗಿಯುತ್ತಾರೆ.

ಮೈಸೂರಿನಿಂದ:
‘ಹಿರಿಯರು’ ಒಳ್ಳೆಯ ಕನ್ನಡ, ಒಪ್ಪುತ್ತೇನೆ. ಆದರೆ ಡಯಾಸ್ಪೊರಾ, ಹಬಶಿ, ಇಗರ್ಜಿ ಅಂತ ಹೊರಗಿನ ಪದಗಳನ್ನು ಹೀಗೆ ಬಿಟ್ಟುಕೊಂಡರೆ ನುಡಿ ಉಳಿಯುವುದಿಲ್ಲ.

ಶಿರಸಿಯಿಂದ:
ಇಗರ್ಜಿ ನಮ್ಮ ಜಿಲ್ಲೆಯ ಮಾತು. ಅದು ಪೋರ್ಚುಗೀಸರಿಂದ ಬಂತು, ನೀವು ದಿನಾ ಬಳಸುವ ಮೇಜು, ಚಾವಿ ಕೂಡ ಬಂದವು. ಸಿದ್ದಿಗಳನ್ನು ಹೊತ್ತು ತಂದದ್ದೂ ಅದೇ ಪೋರ್ಚುಗೀಸರ ಹಡಗುಗಳು. ‘ಸಿದ್ದಿ’ ಪದವೇ ಹೊರಗಿನದು. ಹೊರಗಿನ ಪದ ಬೇಡ ಅಂತ ಈ ಬ್ಯಾನರಿನ ಮುಂದೆ ನಿಂತು ಹೇಳುತ್ತೀರಾ?

ಹಳಿಯಾಳದಿಂದ:
ಸಾಕು, ದಯವಿಟ್ಟು. ಯಲ್ಲಾಪುರದ ಅಕ್ಕನ ಮಾತೇ ಸರಿ. ಈಗ ಕೊಟ್ಟ ಸಾಲುಗಳು ಇವು:

ನಮ್ಮ ಆಫ್ರಿಕಾದ ಹಿರಿಯರಿಗೆ ನಮನ
ಲೋಕದ ತುಂಬ ಚದುರಿದ ಆಫ್ರಿಕಾ ಮೂಲದವರ ಜೊತೆಗೆ
ಸಿದ್ದಿ ಸಮುದಾಯ

‘ಚೆದರಿದ’ ಅಂತ ಇಲ್ಲಿ ಯಾರೂ ಆಡುವುದಿಲ್ಲ, ಹಾಗಾಗಿ ಚದುರಿದ. ಅಂಗಡಿಯವರು ಪ್ರೂಫಿನಲ್ಲಿ ‘ಸಿದ್ಧಿ’ ಮಾಡಿದ್ದರು, ತಿದ್ದಿಸಿದ್ದೇನೆ.

ಮೈಸೂರಿನಿಂದ:
ಬ್ಯಾನರ್ ಚೆನ್ನಾಗಿದೆ. ‘ಚೆದರು’ ವಿಷಯದಲ್ಲಿ ನಾನು ಒಪ್ಪಿಲ್ಲ. ಬೇರೆ ಎಳೆ ಶುರು ಮಾಡುತ್ತೇನೆ.